ಎಲೆಗೆಂದು ನೆಟ್ಟ ಮರ

ತಂಗರಾಜನ ವರ್ಷದ ತಿಥಿ ಮುಗಿದ ಮರುದಿನವೂ ಅವನ ಹೆಂಡತಿ ಸರಸುವಿನ ಮುಂದೆ ಎಲೆಯೇ ಬಂತು.

"ಅತ್ತೆ, ವರ್ಷ ಆಯ್ತಲ್ಲ," ಎಂದಳು ಸರಸು.

ಮುತ್ತಮ್ಮಾಳ್ ಜೋಳದ ಕಳಿಯ ಉಂಡೆಯನ್ನು ಎಲೆಯ ಮೇಲಿಟ್ಟು ಪಕ್ಕಕ್ಕೆ ಸೊಪ್ಪಿನ ಸಾರು ಬಿಟ್ಟಳು. ಸಾರು ಎಲೆಯ ಸಂದಿಯಿಂದ ಸೋರಿ ನೆಲದ ಮೇಲೆ ಹರಿಯಿತು.

"ಆಯ್ತು. ಅದಕ್ಕೇನೀಗ?"

"ಬಟ್ಲು ಕೊಡ್ತೀನಿ ಅಂದಿದ್ರಿ."

"ಕೊಡಲ್ಲ ಅಂದ್ನಾ? ಮಾರ್ಗಳಿ ತಿಂಗಳು ಉಟ್ತಾ ಅದೆ. ಮಾರ್ಗಳೀಲಿ ಯಾರಾದ್ರೂ ಅಟ್ಟದಿಂದ ಸಾಮಾನು ಇಳಿಸ್ತಾರಾ? ಮುಂದಿನ ತಿಂಗಳು, ತೈ ಬರ್ಲಿ."

ಮೂಲೆಯಲ್ಲಿ ಕುಳಿತು ಅಂಥದೇ ಎಲೆಯಲ್ಲಿ ಉಣ್ಣುತ್ತಿದ್ದ ಪಾಪಮ್ಮಾಳ್ ಗಟ್ಟಿಯಾಗಿ ನಕ್ಕಳು. ಅವಳು ಮುತ್ತಮ್ಮಾಳ ಅತ್ತೆ, ಮನೆಯ ಯಜಮಾನ ಅಯ್ಯಾವು ಗೌಡರ ತಾಯಿ. ಬಾಯಲ್ಲಿ ಒಂದೂ ಹಲ್ಲಿರಲಿಲ್ಲ.

"ನನಗೂ ತೈ ಬರ್ಲಿ ಅಂದಿದ್ಲು ಕಣೆ ಸರಸು. ಎಷ್ಟು ತೈ ಬಂದು ಓದ್ವೋ."

"ನೀನು ಉಣ್ಣತ್ತೆ ಸುಮ್ನೆ. ನೀನೇ ಬೇಡ ಅಂದೆ."

"ನಾನಾ? ಯಾವಾಗ ಕೇಳ್ದೆ ನೀನು? ನಾನು ಬೇಡ ಅಂದಾಗ ನೀನು ಎಲ್ಲಿದ್ದೆ, ಬಾವೀಲಾ?"

ಮಧುರೆ ಸೀಮೆಯ ಆ ಕನ್ನಡದ ಮನೆಯಲ್ಲಿ ಗಂಡ ಸತ್ತ ಹೆಂಗಸು ಒಂದು ವರ್ಷ ಬಟ್ಟಲಿನಲ್ಲಿ ಉಣ್ಣುವಂತಿರಲಿಲ್ಲ; ಅದು ಮನೆಯ ಮೊರೆ, ಅಂದರೆ ಕಟ್ಟಳೆ. ಅವಳ ಕಂಚಿನ ಬಟ್ಟಲನ್ನು ಹುಣಸೆಹಣ್ಣು ಹಾಕಿ ಬೆಳಗಿ ಅಟ್ಟಕ್ಕೆ ಏರಿಸುತ್ತಿದ್ದರು. ಬಾಳೆ ಎಲೆ ಮಂಗಳದ್ದು, ಅದೂ ಇಲ್ಲ. ಹಿತ್ತಲಲ್ಲಿದ್ದ ಮಂದಾರೆ ಮರದ ಎಲೆ ಕಿತ್ತು, ತೆಂಗಿನ ಕಡ್ಡಿ ಚುಚ್ಚಿ ತಾನೇ ಹಚ್ಚಿಕೊಳ್ಳಬೇಕು. ಆ ಮರ ನೆಟ್ಟದ್ದೇ ಎಲೆಗೆ. ಬಿಳಿಯರು ದೇಶ ಬಿಟ್ಟ ವರ್ಷ ಅಯ್ಯಾವು ಗೌಡರ ಅಪ್ಪ ತೀರಿಕೊಂಡಾಗ, ಪಾಪಮ್ಮಾಳಿಗೆಂದು ಸಸಿ ತಂದು ನೆಟ್ಟಿದ್ದರು. ಪಾಪಮ್ಮಾಳ್ ಇನ್ನೂ ಎಲೆಯಲ್ಲೇ ಉಣ್ಣುತ್ತಿದ್ದಳು. ಅದನ್ನು ಯಾರೂ ಒಂದು ವಿಷಯವೆಂದುಕೊಂಡಿರಲಿಲ್ಲ.

ಮರದ ಬುಡ ತೊಡೆಯಷ್ಟು ದಪ್ಪವಾಗಿತ್ತು. ಎತ್ತರ ಮಾತ್ರ ಕೊಟ್ಟಿಗೆಯ ಸೂರು ದಾಟಿರಲಿಲ್ಲ. ಚಳಿಗಾಲ ಬಂದಾಗಲೆಲ್ಲ ಸರಸುವಿನ ಮೈದುನ ಮಾರಿಮುತ್ತು ಕೊಂಬೆ ಕಡಿದು ಮೇಕೆಗಳಿಗೆ ಹಾಕುತ್ತಿದ್ದ. ಎತ್ತು ಕಟ್ಟಿದ ಹಗ್ಗ ಉಜ್ಜಿ ಉಜ್ಜಿ ಒಂದು ಮಗ್ಗುಲಲ್ಲಿ ತೊಗಟೆ ಎದ್ದಿತ್ತು. ಪಾತ್ರೆ ತೊಳೆದ ಬೂದಿನೀರೆಲ್ಲ ಅದರ ಬುಡಕ್ಕೇ ಹೋಗುತ್ತಿತ್ತು. ಉಳಿದ ಎಲೆ ಇಬ್ಬರು ಹೆಂಗಸರ ಎರಡು ಹೊತ್ತಿನ ಊಟಕ್ಕೆ. ಮರ ಚಿಗುರುತ್ತಿತ್ತು, ಇವರು ಕೀಳುತ್ತಿದ್ದರು.

"ಇದು ಹೂ ಬಿಡೋ ಮರ," ಎಂದಳು ಸರಸು, ಆ ಮಧ್ಯಾಹ್ನ ನಾದಿನಿ ದೈವಾನೈಗೆ.

"ಈ ಬೋಳು ಮರಾನಾ? ಓಗಿ ಅತ್ತಿಗೆ."

"ಮಧುರೆಯಲ್ಲಿ ನಮ್ಮ ಹಾಸ್ಟೆಲಿನ ಬಾವಿ ಪಕ್ಕ ಒಂದಿತ್ತು. ತೈ ಕಳೆಯೋ ಹೊತ್ತಿಗೆ ಎಲೆ ಉದುರಿ ಮರದ ತುಂಬ ಹೂ. ಹೋದ ಮಳೆಗಾಲದಲ್ಲಿ ಬೆಳೆದ ಕಡ್ಡಿಯಲ್ಲೇ ಮೊಗ್ಗು ಬರೋದು. ಆ ಕಡ್ಡೀನೇ ಕಡಿದರೆ ಎಲ್ಲಿಂದ ಬರುತ್ತೆ?"

"ಎಲೆ ಕೀಳ್ದಿದ್ರೆ ನೀವು ಯಾತ್ರಲ್ಲಿ ಉಣ್ತೀರಿ?"

ಸರಸು ಎದ್ದು ಹಿತ್ತಲಿಗೆ ಹೋದಳು. ಎತ್ತನ್ನು ಬಿಚ್ಚಿ ಬೇರೆ ಗೂಟಕ್ಕೆ ಕಟ್ಟಿದಳು. ತೊಗಟೆ ಹೋದ ಕಡೆ ಸಗಣಿ, ಕೆಮ್ಮಣ್ಣು ಕಲಸಿ ಮೆತ್ತಿದಳು. ಬೂದಿನೀರು ಹೋಗಲು ಬೇರೆ ಕಾಲುವೆ ತೋಡಿದಳು. ಬುಡಕ್ಕೆ ತಾಕದಂತೆ ಸುತ್ತ ಪಾತಿ ಮಾಡಿ ಒಣಗಿದ ಜೋಳದ ದಂಟು ಹಾಸಿದಳು. ಮೇಕೆ ಬರದಂತೆ ಮುಳ್ಳು ಕಟ್ಟಿದಳು. ಕಟ್ಟುವಾಗ ಕೈಯೆಲ್ಲ ಗೀರಿತು. ಮುತ್ತಮ್ಮಾಳ್ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು.

"ಬಿ.ಎ. ಓದಿದ್ದು ಇದಕ್ಕಾ? ಒಳಗೆ ಅಕ್ಕಿ ಕೇರೋದು ಅಂಗೇ ಬಿದ್ದದೆ."

"ಕೇರ್ತೀನಿ."

"ಅಕ್ಕಿ ಸಿಗೋದೇ ಕಷ್ಟ ಈಗ. ಇಲಿ ತಿಂದ್ರೆ ಮರದಲ್ಲಿ ಕಾಯ್ತದಾ?"

ಮಾರ್ಗಳಿ ಹುಟ್ಟಿದ ಮೇಲೆ ಸರಸು ಮಂದಾರೆಯನ್ನು ಮುಟ್ಟಲಿಲ್ಲ. ಬೆಳಗ್ಗೆ ಕಾಲುವೆಗೆ ಬಟ್ಟೆ ಒಗೆಯಲು ಹೋದಾಗ ರಸ್ತೆಯ ಆಲದ ಮರದಿಂದ ಎಲೆ ಕಿತ್ತು ತಂದು ತನಗೂ ಮುದುಕಿಗೂ ಹಚ್ಚಿದಳು. ಒಂದು ವಾರವೂ ನಡೆಯಲಿಲ್ಲ.

ಮಾರಿಮುತ್ತು ತೇವಾರಂ ಪೇಟೆಯಿಂದ ಸೈಕಲ್ಲಿನಲ್ಲಿ ಬಂದವನು ಸೈಕಲ್ಲನ್ನು ಗೋಡೆಗೆ ದೂಡಿ ಒಳಗೆ ನುಗ್ಗಿದ.

"ಅವ್ವಾ, ಇವರು ರೋಡಲ್ಲಿ ನಿಂತು ಎಲೆ ಕೀಳ್ತಾರಂತೆ. ಟೀ ಅಂಗಡೀಲಿ ನನ್ನ ಕೇಳ್ತಾರೆ, ಏನ್ಡಾ, ನಿಮ್ಮತ್ತಿಗೆ ಮೇಕೆ ಸಾಕ್ತಾ ಇದ್ದಾಳಾ ಅಂತ. ಮಾನ ಓಯ್ತು."

"ನನಗೆ ಬಟ್ಲು ಕೊಟ್ಟರೆ ರೋಡಿಗೆ ಹೋಗಲ್ಲ," ಎಂದಳು ಸರಸು.

"ಇತ್ತಲಲ್ಲಿ ಮರ ಇಟ್ಕೊಂಡು ರೋಡಿಗೆ ಯಾಕೆ ಓಗ್ಬೇಕು?"

"ಅದನ್ನ ಈ ವರ್ಷ ಕೀಳಬಾರದು."

"ಯಾಕೆ, ಅದೇನು ಸಾಮಿ ಮರಾನಾ?" ಮಾರಿಮುತ್ತು ಸೂರಿನಿಂದ ಕತ್ತಿ ಎಳೆದುಕೊಂಡ. "ಈಗ್ಲೇ ಕಡಿದು ಆಕ್ತೀನಿ. ಮೇಕೆ ತಿನ್ಲಿ."

ಸರಸು ಅವನಿಗಿಂತ ಮೊದಲು ಹಿತ್ತಲಿಗೆ ಹೋದಳು. ಮುಳ್ಳಿನ ಬೇಲಿಯ ಒಳಗೆ ನಿಂತು ಮರಕ್ಕೆ ಬೆನ್ನು ಕೊಟ್ಟಳು.

"ಬಾ," ಎಂದಳು. "ಮುಳ್ಳು ತೆಗೆದುಕೊಂಡು ಬಾ."

"ಅತ್ತಿಗೆ, ಅತ್ಲಾಗೆ ಓಗಿ."

"ನಿನ್ನ ಬಟ್ಲು ಎಲ್ಲಿದೆ ಮಾರಿಮುತ್ತು? ಅಡಿಗೆಮನೆಯಲ್ಲಿ ಅಲ್ವಾ? ನಿನ್ನ ಬಟ್ಲು ಯಾರು ತೊಳೀತಾರೆ? ನಾನು. ದಿನಾ ಎರಡು ಹೊತ್ತು ತೊಳೀತೀನಿ. ನಾನು ತೊಳೆದ ಬಟ್ಲಲ್ಲಿ ನೀನು ಉಣ್ಣಬಹುದು. ನಾನು ಉಣ್ಣಬಾರದು. ಬಾ, ಕಡಿ."

ಮಾರಿಮುತ್ತು ಬೈಯುತ್ತ ನಿಂತ. ದೈವಾನೈ ಹಿಂದಿನಿಂದ ಬಂದು ಕತ್ತಿಯನ್ನು ಅವನ ಕೈಯಿಂದ ಕಿತ್ತುಕೊಂಡಳು. "ಓಗಣ್ಣಾ. ಸಲೂನಿಗೆ ಓಗಿ ನಿನ್ನ ತಲೇನ ಕಡಿಸ್ಕೋ, ಅದೇ ಕಾಡಿನಂಗೆ ಬೆಳ್ದದೆ."

ಸಂಜೆ ಅಯ್ಯಾವು ಗೌಡರು ಗದ್ದೆಯಿಂದ ಬಂದಾಗ ಎಲ್ಲರೂ ಒಟ್ಟಿಗೆ ದೂರು ಹೇಳಿದರು. ಅವರು ಊಟ ಮುಗಿಸಿದರು. ಕೈ ತೊಳೆದು ಹೇಳಿದರು:

"ರೋಡಿಗೆ ಓಗೋದು ಬೇಡ. ಮರ ಕಡಿಯೋದೂ ಬೇಡ. ಬೇಕಾದಷ್ಟು ಎಲೆ ಕಿತ್ಕೊಳ್ಲಿ. ಈ ಗಲಾಟೆ ನನ್ನ ಕಿವಿಗೆ ಇನ್ನೊಂದು ಸಲ ಬೀಳಬಾರ್ದು."

"ಬಟ್ಲು, ಮಾಮ?"

"ಅದು ಎಂಗಸ್ರ ವಿಷಯ. ನಿಮ್ಮತ್ತೆ ಏಳ್ತಾಳೆ."

ಆ ತಿಂಗಳು ಸರಸು ಹೊಸ ಕಡ್ಡಿಗಳನ್ನು ಬಿಟ್ಟು ಹಳೆಯ ಕೊಂಬೆಗಳ ಎಲೆಗಳನ್ನಷ್ಟೇ ಕಿತ್ತು ಹಚ್ಚಿದಳು. ತೈ ಬಂತು. ಪೊಂಗಲ್ ಆಯಿತು. ಹಾಲು ಉಕ್ಕಿದ ಮಡಕೆಯ ಅನ್ನವನ್ನು ಗಂಡಸರಿಗೆ, ದೈವಾನೈಗೆ ಬಾಳೆ ಎಲೆಯಲ್ಲಿ ಬಡಿಸಿ, ಮುತ್ತಮ್ಮಾಳ್ ಸರಸುವಿನ ಕಡೆ ತಿರುಗಿ, "ಎಲೆ ತಗೊಂಡು ಬಾ," ಎಂದಳು.

"ತೈ ಬಂತಲ್ಲ ಅತ್ತೆ."

"ದೈವಾನೈಗೆ ಓಡೈಪಟ್ಟಿಯಿಂದ ಸಂಬಂಧ ಬಂದದೆ, ನಿನಗೆ ಗೊತ್ತಿಲ್ವಾ? ಈ ಒತ್ತಲ್ಲಿ ಅಟ್ಟದಿಂದ ಆ ಬಟ್ಲು ಇಳಿಸಿದ್ರೆ ಒಳ್ಳೇದಾ? ಕಲ್ಯಾಣ ಮುಗೀಲಿ."

"ಆಮೇಲೆ ದೈವಾನೈ ಬಸಿರು ಅಂತೀರಿ. ಆಮೇಲೆ ಮಾರಿಮುತ್ತು ಮದುವೆ ಅಂತೀರಿ."

"ಒಂದು ವರ್ಷದ ಮೊರೆ. ಇಂದೆ ಮುಂದೆ ಆಗ್ತದೆ. ನನ್ನ ಮಗ ಸತ್ತೋದ, ನನಗೆ ಒಟ್ಟೆ ಉರಿಯಲ್ವಾ? ನಿನಗೆ ಬಟ್ಲದ್ದೇ ಯೋಚ್ನೆ."

ಸರಸುವಿನ ದನಿ ಮೊದಲ ಸಲ ಏರಿತು.

"ಒಂದು ವರ್ಷಕ್ಕೆ ಯಾರಾದರೂ ಮರ ನೆಡ್ತಾರಾ ಅತ್ತೆ? ಸಸಿ ಎಲೆ ಬಿಟ್ಟು, ಹಚ್ಚೋಕೆ ಬರೋ ಹೊತ್ತಿಗೇ ವರ್ಷ ದಾಟಿರುತ್ತೆ. ಅಜ್ಜಿಗೆ ಬಟ್ಲು ಕೊಡೋ ಮನಸ್ಸಿದ್ದಿದ್ದರೆ ಯಾರೂ ಗುಂಡಿ ತೋಡ್ತಿರಲಿಲ್ಲ."

ಪಾಪಮ್ಮಾಳ್ ತಲೆ ಎತ್ತಿದಳು. "ಅದು ನನಗೆ ತೋಚ್ಲೇ ಇಲ್ಲ," ಎಂದಳು.

ಮುತ್ತಮ್ಮಾಳ್ ಸೌಟನ್ನು ಮಡಕೆಯೊಳಗೆ ಎಸೆದಳು. "ಎಲೆ ತರ್ತೀಯೋ ಇಲ್ವೋ?"

"ಇಲ್ಲ."

"ಅಂಗಾದ್ರೆ ಯಾತ್ರಲ್ಲಿ ಉಣ್ತೀಯೆ?"

"ನೆಲದಲ್ಲಿ."

ಅವಳು ಬಟ್ಟೆ ತಂದು ಮುಂದಿನ ಜಗುಲಿಯ ಮೂಲೆಯನ್ನು ಒರೆಸಿದಳು. ನೀರು ಚಿಮುಕಿಸಿ ಮತ್ತೆ ಒರೆಸಿದಳು. ಬೀದಿಗೆ ಕಾಣುವ ಜಾಗ ಅದು. ಕುಳಿತು, "ಹಾಕಿ," ಎಂದಳು. ಮುತ್ತಮ್ಮಾಳ್ ಹಾಕಲಿಲ್ಲ. ಅರಿಸಿನದ ದಾರ ಕಟ್ಟಿದ್ದ ಮಡಕೆಯನ್ನು ದೈವಾನೈ ಎತ್ತಿ ತಂದು ಅನ್ನವನ್ನು ನೆಲಕ್ಕೇ ಬಡಿಸಿದಳು.

ಎದುರು ಮನೆಯ ಕರುಪ್ಪಾಯಿ ಕಬ್ಬಿನ ಸಿಪ್ಪೆ ಉಗಿಯಲು ಹೊರಗೆ ಬಂದವಳು ನೋಡಿ ನಿಂತುಬಿಟ್ಟಳು. ಆ ಕಡೆ ದೇವಿಗೆ ಹರಕೆ ಹೊತ್ತ ಹೆಂಗಸರು ಗುಡಿಯಲ್ಲಿ ಅನ್ನವನ್ನು ನೆಲಕ್ಕೆ ಹಾಕಿಸಿಕೊಂಡು ಉಣ್ಣುತ್ತಾರೆ. ಅದಕ್ಕೆ ಮಣ್ ಸೋರು ಎನ್ನುತ್ತಾರೆ. ಮನೆಯ ಜಗುಲಿಯಲ್ಲಿ ಯಾರೂ ಉಂಡದ್ದಿಲ್ಲ.

"ಅಯ್ಯೋ ತಾಯೇ, ಪೊಂಗಲ್ ದಿನ ಮಣ್ ಸೋರಾ? ಯಾರಿಗಮ್ಮಾ ಈ ಹರಕೆ?"

ಸರಸು ಬಾಯಿ ತೆರೆಯುವ ಮೊದಲೇ ಮುತ್ತಮ್ಮಾಳ್ ಬಾಗಿಲಿಗೆ ಬಂದು ಹೇಳಿಬಿಟ್ಟಳು:

"ದೈವಾನೈಗೆ. ಒಳ್ಳೆ ಸಂಬಂಧ ಕೂಡಿ ಬರ್ಲಿ ಅಂತ."

"ಎಂಥ ಸೊಸೆ!" ಕರುಪ್ಪಾಯಿ ಕೆನ್ನೆ ಬಡಿದುಕೊಂಡಳು. "ತಾನು ತಾಳಿ ಕಳ್ಕೊಂಡೂ ನಾದಿನಿಗೆ ಹರಕೆ ಹೊತ್ತಿದ್ದಾಳೆ. ಪುಣ್ಯ ಮಾಡಿದ್ದೆ ಮುತ್ತಮ್ಮಾ."

ಉಂಡು ಸರಸು ಒಳಗೆ ಬಂದಾಗ ಮುತ್ತಮ್ಮಾಳ್ ಹಲ್ಲು ಕಚ್ಚಿದಳು. "ಬೀದೀಲಿ ಕೂತು ನನ್ನ ಮಾನ ತೆಗೀತೀಯಾ?"

"ಮಾನ ನೀವೇ ಉಳಿಸಿಕೊಂಡಿರಲ್ಲ, ಸುಳ್ಳು ಹೇಳಿ."

ಅಂದಿನಿಂದ ಎರಡು ಹೊತ್ತೂ ನೆಲವೇ ಆಯಿತು. ನೆಲದಲ್ಲಿ ಗಂಜಿ ಕುಡಿಯಲಾಗುವುದಿಲ್ಲ, ಸಾರು ನಿಲ್ಲುವುದಿಲ್ಲ. ಸರಸು ಗಟ್ಟಿ ಕಳಿಯನ್ನು ಚಟ್ನಿಗೆ ಒತ್ತಿ ಉಂಡಳು. ಮೂರನೆಯ ದಿನ ಪಾಪಮ್ಮಾಳ್ ಕೋಲೂರಿಕೊಂಡು ಜಗುಲಿಗೆ ಬಂದು ಅವಳ ಪಕ್ಕ ಕುಕ್ಕರಿಸಿದಳು.

"ನನಗೂ ಇಲ್ಲೇ ಆಕು."

"ನಿನಗೇನು ಬಂತತ್ತೆ?" ಎಂದಳು ಮುತ್ತಮ್ಮಾಳ್.

"ನಾನೂ ಮೊಮ್ಮಗಳಿಗೆ ಹರಕೆ ಒತ್ತಿದ್ದೀನಿ. ಕೇಳ್ದವರಿಗೆ ಅಂಗೇ ಏಳು. ನಿನಗೆ ಚೆನ್ನಾಗಿ ಬರ್ತದೆ."

ಒಂದು ದಿನ ಮುತ್ತಮ್ಮಾಳ್ ಅಡಿಗೆಯನ್ನೇ ಕೊಡಲಿಲ್ಲ. ಸರಸುವಿನ ಪಾಲಿನ ಕಳಿಯನ್ನು ಎತ್ತಿನ ಕಲಗಚ್ಚಿಗೆ ಹಾಕಿದಳು. ಮುದುಕಿ ತನ್ನ ಪಾಲನ್ನೂ ಮುಟ್ಟದೆ ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಗಂಟೆ ಎಷ್ಟಾಯಿತು, ಊಟ ಆಯಿತಾ ಎಂದು ಕೇಳುತ್ತ ಕುಳಿತಳು. ಸಂಜೆಯೊಳಗೆ ಮುತ್ತಮ್ಮಾಳ್ ಮಡಕೆ ತಂದು ಕುಕ್ಕಿದಳು.

ಓಡೈಪಟ್ಟಿಯವರು ತೈಯಲ್ಲೇ ಬರಬೇಕಾಗಿತ್ತು. ಮಧುರೆಯಲ್ಲಿ ಹಿಂದಿ ಬೇಡವೆಂಬ ಗಲಾಟೆಯಾಗಿ ಕಾಲೇಜು ಮುಚ್ಚಿದರು, ಬಸ್ಸು ನಿಂತಿತು, ನಿಶ್ಚಯ ಮುಂದೆ ಹೋಯಿತು. ಆ ವಾರಗಳಲ್ಲಿ ಮಂದಾರೆ ಹಳೆಯ ಎಲೆಗಳನ್ನೆಲ್ಲ ಉದುರಿಸಿತು. ಮುತ್ತಮ್ಮಾಳ್ ಗುಡಿಸುತ್ತ, "ನೋಡು, ನಿನ್ನ ಆರೈಕೆಗೆ ಮರ ಸತ್ತೇ ಓಯ್ತು," ಎಂದಳು. ಸರಸು ಒಂದು ಕಡ್ಡಿಯನ್ನು ಉಗುರಿನಿಂದ ಗೀರಿ ಹಸಿರು ತೋರಿಸಿದಳು. ಮುತ್ತಮ್ಮಾಳ್ ನೋಡಲಿಲ್ಲ.

ತೈ ಕಳೆದು ಮಾಸಿಯ ಮೊದಲ ವಾರ ಮೊಗ್ಗು ಒಡೆಯಿತು. ತಿಳಿ ನೇರಳೆ ಹೂ, ಒಂದು ದಳಕ್ಕೆ ಮಾತ್ರ ಕಡು ಗೆರೆಗಳು. ಎಲೆಯೇ ಇಲ್ಲದ ಮರದಲ್ಲಿ ತುದಿಯಿಂದ ತುದಿಗೆ ಹೂವಾಯಿತು. ಅಯ್ಯಾವು ಗೌಡರು ಹಲ್ಲುಕಡ್ಡಿ ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಇದೇನಿದು," ಎಂದರು, ಯಾರಿಗೂ ಅಲ್ಲ.

ದೈವಾನೈ ಒಂದು ಹೂ ಕಿತ್ತು ಜಡೆಗೆ ಸಿಕ್ಕಿಸಿಕೊಂಡಳು. ಮುತ್ತಮ್ಮಾಳ್ ಓಡಿ ಬಂದು ಅದನ್ನು ಕೂದಲಿನೊಂದಿಗೇ ಎಳೆದಳು.

"ಮುಂಡೇರ ಎಲೆ ಮರದ ಊವು! ಕಲ್ಯಾಣ ಆಗೋ ಎಣ್ಣು ಮುಡೀತೀಯಾ?"

"ಊವಿಗೆ ಗೊತ್ತಾ ಅವ್ವಾ ಯಾರ ಮರ ಅಂತ?"

"ಬಾಯಿ ಮುಚ್ಚು. ಓಡೈಪಟ್ಟಿಯವರು ನಾಳೆ ಬರ್ತಾರೆ."

ಆ ಸಂಜೆ ಮುತ್ತಮ್ಮಾಳ್ ಸರಸುವಿನ ಬಳಿ ಬಂದು ದನಿ ತಗ್ಗಿಸಿದಳು. "ನಾಳೆ ಒಂದು ದಿನ ಕೊಟ್ಟಿಗೇಲಿ ಕೂತು ಬಾಳೆ ಎಲೇಲೇ ಉಂಡ್ಕೋ. ಯಾರೂ ನೋಡಲ್ಲ."

"ಬಾಳೆ ಎಲೆ ಮಂಗಳದ್ದು ಅಂದಿರಿ."

"ಒಂದಿನ ಪರವಾಗಿಲ್ಲ."

"ಯಾರೂ ನೋಡದಿದ್ದರೆ ಪರವಾಗಿಲ್ಲ. ಅಲ್ವಾ ಅತ್ತೆ?"

"ನಿನ್ನ ಕಾಲಿಗೆ ಬೀಳ್ಬೇಕಾ?"

"ಬೇಡ. ಬಟ್ಲು ಕೊಡಿ."

ಮುತ್ತಮ್ಮಾಳ್ ಎದ್ದು ಹೋದಳು.

ಓಡೈಪಟ್ಟಿಯಿಂದ ಎರಡು ಗಾಡಿ ಜನ ಬಂದರು. ಅಕ್ಕಿ ಸಿಗದ ಕಾಲದಲ್ಲೂ ಅಯ್ಯಾವು ಗೌಡರು ಬಿಳಿ ಅನ್ನ, ವಡೆ, ಪಾಯಸ ಮಾಡಿಸಿದ್ದರು. ಗಂಡಸರು ಬಾಳೆ ಎಲೆಯಲ್ಲಿ ಉಂಡು ಜಗುಲಿಯಲ್ಲಿ ಅಡಿಕೆ ಹಾಕುತ್ತ ಕುಳಿತರು. ಜಗುಲಿ ತುಂಬಿದ್ದರಿಂದ ಸರಸುವೂ ಮುದುಕಿಯೂ ಹಿಂದಿನ ಪಡಸಾಲೆಯ ನೆಲದಲ್ಲಿ ಕುಳಿತಿದ್ದರು. ದೈವಾನೈ ರೇಷ್ಮೆ ಸೀರೆಯಲ್ಲೇ ಬಂದು ಅವರಿಗೆ ನೆಲಕ್ಕೆ ಅನ್ನ ಹಾಕಿದಳು. ಕೈ ತೊಳೆಯಲು ಹಿತ್ತಲಿಗೆ ಹೊರಟ ಹುಡುಗನ ತಾಯಿ ವೆಳ್ಳೈಯಮ್ಮಾಳ್ ಅಲ್ಲಿ ನಿಂತಳು.

"ಇವಳೇನಾ ಆ ಸೊಸೆ? ನಮ್ಮೂರ ತನಕ ಸುದ್ದಿ ಬಂದದೆ." ಅವಳು ಬಗ್ಗಿ ಸರಸುವಿನ ಗಲ್ಲ ಮುಟ್ಟಿದಳು. "ನನ್ನ ಮಗನ ಕಲ್ಯಾಣಕ್ಕೆ ಮಣ್ ಸೋರು ತಿಂತಾ ಇದ್ದೀಯಂತೆ, ಕಣ್ಣೂ."

ಮುತ್ತಮ್ಮಾಳ್ ಪಾಯಸದ ಪಾತ್ರೆ ಹಿಡಿದು ಬಾಗಿಲಲ್ಲಿದ್ದಳು.

"ಹರಕೆ ಏನೂ ಇಲ್ಲಮ್ಮಾ," ಎಂದಳು ಸರಸು. "ಗಂಡ ಸತ್ತ ಮೇಲೆ ಒಂದು ವರ್ಷ ಬಟ್ಲು ಇಲ್ಲ ಅನ್ನೋದು ಈ ಮನೆ ಮೊರೆ. ವರ್ಷ ಮುಗೀತು, ಕೊಡಲಿಲ್ಲ. ಅಜ್ಜಿಗೆ ಬಿಳಿಯರು ಹೋದ ವರ್ಷದಿಂದ ಕೊಟ್ಟಿಲ್ಲ. ಅದಕ್ಕೆ ನೆಲದಲ್ಲಿ ಉಣ್ತಾ ಇದ್ದೀವಿ."

ವೆಳ್ಳೈಯಮ್ಮಾಳ್ ಕೈ ಹಿಂದಕ್ಕೆ ತೆಗೆದುಕೊಂಡು ಮುತ್ತಮ್ಮಾಳ ಕಡೆ ನೋಡಿದಳು.

"ಏನ್ ಸಂಬಂದಿ, ಹರಕೆ ಅಂದ್ರಿ?"

ದೈವಾನೈ ಕೈಯಲ್ಲಿದ್ದ ಅನ್ನದ ಪಾತ್ರೆಯನ್ನು ಕೆಳಗಿಟ್ಟಳು.

"ಅತ್ತೆ," ಎಂದಳು ವೆಳ್ಳೈಯಮ್ಮಾಳಿಗೆ, "ನಿಮ್ಮನೇಲಿ ಏನು ಮೊರೆ?"

"ಏನಂದೆ?"

"ನಿಮ್ಮನೇಲಿ ಗಂಡ ಸತ್ತವರು ಯಾತ್ರಲ್ಲಿ ಉಣ್ತಾರೆ?"

"ತಾಂಬೂಲ ಬದಲಾಯಿಸೋ ದಿನ ಕೇಳೋ ಮಾತಾ ಇದು!" ವೆಳ್ಳೈಯಮ್ಮಾಳ್ ಸಿಟ್ಟಿನಿಂದ ಸೆರಗು ಎಳೆದುಕೊಂಡಳು. ಆಮೇಲೆ ತಲೆ ಎತ್ತಿ, ತನ್ನ ಮನೆಯ ದೊಡ್ಡಸ್ತಿಕೆ ಹೇಳುವವಳಂತೆ ಹೇಳಿದಳು: "ನಮ್ಮಲ್ಲಿ ಎಲೆ ಗಿಲೆ ಕೊಡೋ ವಾಡಿಕೆಯೇ ಇಲ್ಲ. ಮೂರು ವರ್ಷ ಅನ್ನ ಬರೀ ಕೈಗೆ ಆಕ್ತೀವಿ. ನಮ್ಮ ಚಿಕ್ಕತ್ತೆ ಎದುರು ಮಾತಾಡ್ದೆ ಉಂಡ್ಲು. ನಿಮ್ಮಂಗೆ ಓದಿಸಿ ಬಾಯಿ ಬೆಳಸಿಲ್ಲ."

ಮುತ್ತಮ್ಮಾಳ್ ಮಗಳ ಕೈಗಳನ್ನು ನೋಡಿದಳು. ಆ ಬೆಳಗ್ಗೆ ಅವಳೇ ಅವಕ್ಕೆ ಮದರಂಗಿ ಹಚ್ಚಿ ತೊಳೆದಿದ್ದಳು. ಪಾಯಸದ ಪಾತ್ರೆಯನ್ನು ಹೊಸ್ತಿಲ ಮೇಲೆ ಕುಕ್ಕಿದಳು, ಅರ್ಧ ಚೆಲ್ಲಿತು.

"ಮಾರಿಮುತ್ತೂ! ಅಟ್ಟ ಅತ್ತು. ಸರಸು ಬಟ್ಲು ಇಳ್ಸು."

"ಈಗ್ಲಾ ಅವ್ವಾ? ಜನ ಇದ್ದಾರೆ."

"ಅತ್ತೋ ಅಂದ್ರೆ!" ಅವಳ ಕೂಗು ಜಗುಲಿಯವರೆಗೆ ಹೋಯಿತು. ಗಂಡಸರ ಮಾತು ನಿಂತಿತು. ಮಾರಿಮುತ್ತು ಏಣಿ ಹಾಕಿ ಧೂಳು ಹಿಡಿದ ಬಟ್ಟಲು ತಂದ. ಮುತ್ತಮ್ಮಾಳ್ ಅದನ್ನು ಸೆರಗಿನಿಂದ ಒರೆಸಿ ಸರಸುವಿನ ಮುಂದೆ ಸದ್ದಾಗುವಂತೆ ಇಟ್ಟಳು. ಸೊಸೆಯ ಮುಖ ನೋಡಲಿಲ್ಲ. ನೋಡಿದ್ದು ವೆಳ್ಳೈಯಮ್ಮಾಳನ್ನು.

"ನನ್ನ ಮಗಳಿಗೆ ಕಲ್ಯಾಣದ ಉಡುಗೊರೇಲಿ ಕಂಚಿನ ಬಟ್ಲು ಕೊಡ್ತೀನಿ. ಅದನ್ನ ಅವಳ ಕೈಯಿಂದ ಯಾವ ದಿನಾನೂ ಯಾರೂ ಕಿತ್ಕೊಳ್ಳಬಾರ್ದು. ಆಗ್ತದಾ ನಿಮ್ಮಲ್ಲಿ? ಆಗಲ್ಲ ಅಂದ್ರೆ ಗಾಡಿ ಕಟ್ಟಿಸಿ."

ಗಾಡಿ ಕಟ್ಟಿದರು. ತಾಂಬೂಲದ ತಟ್ಟೆ ಹಾಗೇ ಉಳಿಯಿತು. ಹುಡುಗನ ತಂದೆ ಹೋಗುವಾಗ, "ಯೋಚ್ನೆ ಮಾಡಿ ಏಳಿ ಕಳಿಸ್ತೀವಿ," ಎಂದರು. ಅವರ ಹೆಂಡತಿ ತಿರುಗಿ ನೋಡಲಿಲ್ಲ.

ಅಯ್ಯಾವು ಗೌಡರು ಸಂಜೆಯ ತನಕ ಕೂಗಾಡಿದರು. ಬಂದ ಸಂಬಂಧ ಹೋಯಿತು, ಅನ್ನ ವ್ಯರ್ಥವಾಯಿತು, ಮೂರು ಹೆಂಗಸರು ಸೇರಿ ಮನೆ ಮುಳುಗಿಸಿದರು ಎಂದರು. ಮುತ್ತಮ್ಮಾಳ್ ಒಲೆಯ ಮುಂದೆ ಕುಳಿತು ಕೇಳಿಸಿಕೊಂಡಳು. ಸರಸು ತನ್ನ ಬಟ್ಟಲು ತೊಳೆದು ಉಳಿದವರ ಬಟ್ಟಲುಗಳ ಸಾಲಿನಲ್ಲಿ ಇಟ್ಟಳು. ಯಾರೂ ಅದನ್ನು ಅಲ್ಲಿಂದ ತೆಗೆಯಲಿಲ್ಲ.

ದೀಪ ಹಚ್ಚಿದ ಮೇಲೆ ಪಾಪಮ್ಮಾಳ್ ಅಡಿಗೆಮನೆಯ ಬಾಗಿಲಿಗೆ ಬಂದಳು.

"ಅವಳದ್ದು ಬಂತು. ನಂದು ಎಲ್ಲಿ?"

ಮುತ್ತಮ್ಮಾಳ್ ಬೆಂಕಿ ಊದುತ್ತಲೇ ಹೇಳಿದಳು. "ನಿಂದು ಅಟ್ಟದಲ್ಲಿಲ್ಲತ್ತೆ. ಯಾವಾಗ್ಲೋ ಪಾತ್ರೆಕಾರನಿಗೆ ಆಕಿ ದೊಡ್ಡ ಕೊಡ ತಗೊಂಡೆ."

"ನನ್ನ ಕೇಳ್ದೇನೆ?"

"ಕೇಳ್ದೇನೆ."

ಮುದುಕಿ ಕೋಲು ಊರಿಕೊಂಡು ಅಲ್ಲೇ ನಿಂತಳು. ಮುತ್ತಮ್ಮಾಳ್ ಎದ್ದು ಸಾಲಿನ ಮೊದಲಿನಲ್ಲಿದ್ದ ಅಗಲದ ಬಟ್ಟಲನ್ನು ತೆಗೆದು, ಅನ್ನ ಬಡಿಸಿ, ಸಾರು ತುಂಬ ಬಿಟ್ಟು ಅತ್ತೆಯ ಮುಂದೆ ಇಟ್ಟಳು.

ಅಯ್ಯಾವು ಗೌಡರು ಕೈ ತೊಳೆದು ಬಂದು ತಮ್ಮ ಜಾಗದಲ್ಲಿ ಕುಳಿತರು. ಮುಂದೆ ಏನೂ ಇರಲಿಲ್ಲ.

"ಏನು? ನನ್ನ ಬಟ್ಲು ಎಲ್ಲಿ?"

"ನಿಮ್ಮವ್ವನ ಅತ್ರ ಅದೆ," ಎಂದಳು ಮುತ್ತಮ್ಮಾಳ್. "ಉಂಡು ಮುಗಿಸ್ಲಿ. ತೊಳೆದು ಆಕ್ತೀನಿ. ಕೂತಿರಿ."

ಅವರು ತಾಯಿಯ ಕಡೆ ನೋಡಿದರು. ಪಾಪಮ್ಮಾಳ್ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಅಂಚಿನಿಂದ ಸಾರು ಕುಡಿದು ಕೆಳಗಿಟ್ಟಳು. ಆಮೇಲೆ ಮಗನ ಮುಖವನ್ನೇ ನೋಡುತ್ತ, ಹಲ್ಲಿಲ್ಲದ ಬಾಯಲ್ಲಿ, ತುತ್ತು ತುತ್ತಾಗಿ, ಯಾವ ಅವಸರವೂ ಇಲ್ಲದೆ ಉಣ್ಣತೊಡಗಿದಳು.